ಅಪ್ಪಚ್ಚಿ ಅನ್ನೋ ಅರ್ಥ ಸಿಕ್ಕ ಮೇಲೆ ಕೈಗೆ ಬಂದ ಉಬ್ಬುಶಿಲ್ಪ

ಮೂರು ಮಿಲಿಮೀಟರ್ ದಪ್ಪದ ಒಳಗೆ ಕುದುರೆ, ಸವಾರ, ಗುಡ್ಡ ಎಲ್ಲಾ ಕೆತ್ತಿ ಹಿಡಿಸೋದು ಆಗದ ಮಾತು ಅಂತ ಇಟಲಿಯ ಫ್ಲಾರೆನ್ಸಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವರೆಲ್ಲಾ ಹೇಳಿದ್ದರು. ನಾಲ್ಕನೇ ಕಲ್ಲಿನಲ್ಲಿ ಹಿಡಿಸಿದೆ. ಮೊದಲ ಮೂರು ಹಾಳು. ಕರಾರಾ ಮಾರ್ಬಲ್ ತುಂಡುಗಳಿಗೇ ಸುಮಾರು 250 ಯೂರೋ ಹೋಯಿತು.

ಉಳಿ ಸರಿಯಾಗೇ ಇತ್ತು. ಪದ ತಪ್ಪು ತಿಳಿದಿದ್ದೆ. ಈ ಕೆಲಸಕ್ಕೆ ಅಲ್ಲಿ ‘ರಿಲಿಯೆವೊ ಸ್ತಿಯಾಚ್ಚಾತೊ’ ಅಂತಾರೆ. ರಿಲಿಯೆವೊ ಅಂದರೆ ಎತ್ತಿದ್ದು. ಸ್ತಿಯಾಚ್ಚಾತೊ ಅಂದರೆ ತೆಳು ಅಂದುಕೊಂಡು, ಮಾಮೂಲಿ ಉಬ್ಬುಶಿಲ್ಪವನ್ನೇ ತೆಳ್ಳಗೆ ಕೆತ್ತುತ್ತಿದ್ದೆ. ಬಿಸ್ಕತ್ತಿನ ಮೇಲಿನ ಅಚ್ಚಿನ ಹಾಗೆ ಕಾಣುತ್ತಿತ್ತು.

ಅರ್ಥ ಸಿಕ್ಕಿದ್ದು ಬೇಕರಿಯಲ್ಲಿ. ಅಲ್ಲಿನ ಎಣ್ಣೆ ರೊಟ್ಟಿಗೆ ಸ್ಕಿಯಾಚ್ಚಾತಾ ಅಂತ ಹೆಸರು. ಉಬ್ಬಿದ ಹಿಟ್ಟನ್ನು ಬೇಕರಿಯವರು ಹತ್ತೂ ಬೆರಳಲ್ಲಿ ಅಮುಕುತ್ತಾರೆ, ಗುಳಿಗಳಲ್ಲಿ ಎಣ್ಣೆ ನಿಲ್ಲುತ್ತದೆ. ಸ್ಕಿಯಾಚ್ಚಾರೆ ಅಂದರೆ ಅಮುಕು, ಜಜ್ಜು. ಹಳೇ ಟಸ್ಕನಿ ಮಾತಿನಲ್ಲಿ ‘ಸ್ಕಿಯಾ’ ಅನ್ನೋದು ‘ಸ್ತಿಯಾ’ ಆಗುತ್ತದೆ. ಸ್ಕಿಯಾವೊ, ಅಂದರೆ ಗುಲಾಮ, ಸ್ತಿಯಾವೊ ಆದ ಹಾಗೆ. ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ 1550ರಲ್ಲಿ ಬರೆದಿದ್ದೂ ‘ಸ್ತಿಯಾ’ ಅಂತಲೇ. ನಮ್ಮ ಮಾತಲ್ಲಿ ಅಪ್ಪಚ್ಚಿ, ಅಲ್ವಾ? ಮೊದಲು ಎತ್ತಬೇಕು, ಆಮೇಲೆ ಅಪ್ಪಚ್ಚಿ ಮಾಡಬೇಕು!

ಅದನ್ನೂ ಹಾಗೇ ಮಾಡಿ ನೋಡಿದೆ. ಜೇಡಿಮಣ್ಣಿನಲ್ಲಿ ದಪ್ಪ ಕುದುರೆ ಮಾಡಿ, ಪ್ಲಾಸ್ಟಿಕ್ ಹೊದಿಸಿ, ಹಲಗೆ ಇಟ್ಟು ಒತ್ತಿದೆ. ಕುದುರೆ ಎಮ್ಮೆಯಷ್ಟು ಅಗಲವಾಯಿತು, ಸವಾರನ ಮೂಗು ಕೆನ್ನೆಗೆ ಹೋಯಿತು. ಆರೇಳು ಸಲ ಮಾಡಿದ ಮೇಲೆ ಹೊಳೆಯಿತು. ಉದ್ದ ಅಗಲ ಮುಟ್ಟಬಾರದು, ದಪ್ಪ ಮಾತ್ರ ಅಮುಕಬೇಕು.

ಆಮೇಲೆ ಬಾರ್ಜೆಲ್ಲೊ ಮ್ಯೂಸಿಯಮ್ಮಿಗೆ ಹೋಗಿ ಹಳೇ ಕಾಲದ ಶಿಲ್ಪಿ ದೊನಾತೆಲ್ಲೊ ಕೆತ್ತಿದ ಸಂತ ಜಾರ್ಜ್ ಮತ್ತು ಡ್ರ್ಯಾಗನ್ ಫಲಕದ ಮುಂದೆ ನಿಂತೆ. 1417ರ ಸುಮಾರಿನದು. ಸಂತ ಮತ್ತು ಕುದುರೆ ಸ್ವಲ್ಪ ಎದ್ದಿವೆ. ಹಿಂದಿನ ಕಮಾನು ಸಾಲು ಬರೀ ಗೀರಿದ ಹಾಗಿದೆ. ದೂರ ಹೋದಷ್ಟೂ ಜಾಸ್ತಿ ಅಪ್ಪಚ್ಚಿ.

ಹಾಗಾಗಿ ನಾಲ್ಕನೇ ಕಲ್ಲಿಗೆ ಮೊದಲು ಮಣ್ಣಿನಲ್ಲಿ ದಪ್ಪ ಮಾದರಿ ಮಾಡಿದೆ. ಮುಂದಿನದಕ್ಕೆ ಮೂರು ಮಿಲಿಮೀಟರ್, ನಡುವಿನದಕ್ಕೆ ಒಂದೂವರೆ, ಗುಡ್ಡಕ್ಕೆ ಕೂದಲೆಳೆಯಷ್ಟು ಅಂತ ಲೆಕ್ಕ ಹಾಕಿಕೊಂಡೆ. ಸಣ್ಣ ಉಬ್ಬಿನ ನೆರಳೂ ಕಾಣಲಿ ಅಂತ ಕಿಟಕಿ ಮುಚ್ಚಿ, ಪಕ್ಕದಿಂದ ಒಂದೇ ಲೈಟ್ ಹಾಕಿಕೊಂಡು ಕೆತ್ತಿದೆ. ಆಕಾಶದ ಜಾಗಕ್ಕೆ ಕೊನೆಯಲ್ಲಿ ಏನು ಉಜ್ಜಿದೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ.

ಆಗಲ್ಲ ಅಂದವರೇ ಬಂದು ಸ್ಕೇಲ್ ಇಟ್ಟು ಅಳೆದರು. ಕಲ್ಲು 700 ಯೂರೋಗೆ ಹೋಯಿತು. ಕೊಂಡವರಿಗೆ ಒಂದೇ ಮಾತು ಹೇಳಿ ಕಳಿಸಿದೆ: ಇದರ ಎದುರಿಗೆ ಲೈಟ್ ಹಾಕಬೇಡಿ, ಕಿಟಕಿ ಪಕ್ಕದ ಗೋಡೆಗೆ ಹಾಕಿ.