ಟಿಬಿ ವಾಸಿಯಾದವರ ಕಫದಲ್ಲಿ ಮತ್ತೆ ರಕ್ತ: ಐಜಿಜಿ ಅನ್ನೋ ರಕ್ತದ ಟೆಸ್ಟಿನ ರಿಪೋರ್ಟ್ ಓದಿದ ಅನುಭವ

ನಾನು ದಾವಣಗೆರೆ ಕಡೆಯ ಎದೆರೋಗದ ಡಾಕ್ಟರು. ನನ್ನ ಹತ್ತಿರ ಬರುವವರಲ್ಲಿ ಹಿಂದೆ ಟಿಬಿ ಬಂದು ವಾಸಿಯಾದವರು ಜಾಸ್ತಿ. ಅವರಲ್ಲಿ ಕೆಲವರು ನಾಲ್ಕೈದು ವರ್ಷ ಬಿಟ್ಟು ಮತ್ತೆ ಬರುತ್ತಾರೆ. ಕೆಮ್ಮು, ಸುಸ್ತು, ತೂಕ ಇಳಿದಿರುತ್ತದೆ, ಕಫದಲ್ಲಿ ರಕ್ತ. ಎಕ್ಸ್‌ರೇಯಲ್ಲಿ ಟಿಬಿ ಕೊರೆದ ಹಳೇ ಗೂಡು ಹಾಗೇ ಇರುತ್ತದೆ. ಟಿಬಿ ಮರುಕಳಿಸಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತಿತ್ತು. ಕಫದಲ್ಲಿ ರೋಗಾಣು ಸಿಗದಿದ್ದರೂ ಟಿಬಿ ಮಾತ್ರೆ ಮತ್ತೆ ಶುರು ಮಾಡಿದ್ದೇನೆ. ಪಾಪ, ಆರು ತಿಂಗಳು ನುಂಗಿದರು, ಏನೂ ಸುಧಾರಿಸಲಿಲ್ಲ. ಆ ತಪ್ಪು ನನ್ನದೇ, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇಂಥ ಗೂಡಿನಲ್ಲಿ ಆಸ್ಪರ್ಜಿಲ್ಲಸ್ ಅನ್ನೋ ಬೂಷ್ಟು ಮನೆ ಮಾಡಬಹುದು. ಹುಲ್ಲು, ಗೊಬ್ಬರ, ಕಾಳಿನ ಧೂಳು ಎಲ್ಲದರಲ್ಲೂ ಇರುತ್ತದೆ, ನಾವೆಲ್ಲ ದಿನಾ ಉಸಿರಾಡುತ್ತೇವೆ. ಆರೋಗ್ಯವಾದ ಶ್ವಾಸಕೋಶ ಅದನ್ನು ಹೊರಗೆ ಹಾಕುತ್ತದೆ. ಹಳೇ ಗೂಡಿದ್ದರೆ ಅಲ್ಲೇ ನಿಧಾನಕ್ಕೆ ಬೆಳೆಯುತ್ತದೆ. ಈ ಕಾಯಿಲೆಗೆ ಕ್ರಾನಿಕ್ ಪಲ್ಮನರಿ ಆಸ್ಪರ್ಜಿಲ್ಲೋಸಿಸ್ ಅಂತಾರೆ.

ಕಳೆದ ವರ್ಷ ಬಂದ ಒಬ್ಬರ ಕಥೆ ಹೇಳುತ್ತೇನೆ. ಐವತ್ತು ದಾಟಿದ ರೈತರು. ನಾಲ್ಕು ತಿಂಗಳಿಂದ ಕೆಮ್ಮು. ಜೊತೆಗೆ ಬಂದ ಹೆಂಡತಿ, "ಹೋದ ಸಲ ಆ ಟಿಬಿ ಮಾತ್ರೆಗೇ ಊಟ ಬಿಟ್ಟಿದ್ರು ಸರ್, ಮತ್ತೆ ಅದನ್ನ ಕೊಡಬ್ಯಾಡ್ರಿ" ಅಂದರು. "ಇಲ್ಲಮ್ಮಾ, ಮೊದಲು ಏನು ಅಂತ ನೋಡೋಣ" ಅಂದೆ. ಕಫದಲ್ಲಿ ಟಿಬಿ ರೋಗಾಣು ಹುಡುಕುವ ಸಿಬಿನಾಟ್ ಟೆಸ್ಟು ಎರಡು ಸಲವೂ ನೆಗೆಟಿವ್. ಸಿಟಿಯಲ್ಲಿ ಬಲಗಡೆ ಮೇಲಿನ ಗೂಡಿನೊಳಗೆ ಒಂದು ಉಂಡೆ, ಅದರ ಮೇಲೆ ಕುಡುಗೋಲಿನ ಹಾಗೆ ಬಾಗಿದ ಗಾಳಿಯ ಗೆರೆ. ಕಫದ ಕಲ್ಚರ್‌ನಲ್ಲಿ ಬೂಷ್ಟು ಬೆಳೆಯಲಿಲ್ಲ, ಆದರೆ ಈ ಕಾಯಿಲೆಯಲ್ಲಿ ಕಲ್ಚರ್ ಎಷ್ಟೋ ಸಲ ಕೈಕೊಡುತ್ತದೆ. ಆದ್ದರಿಂದ ರಕ್ತ ಕಳಿಸಿದೆ.

ಅಲ್ಲಿ ಒಂದು ಎಡವಟ್ಟಾಯಿತು. ಚೀಟಿಯಲ್ಲಿ ಸುಮ್ನೆ "ಆಸ್ಪರ್ಜಿಲ್ಲಸ್ ಆಂಟಿಬಾಡಿ" ಅಂತ ಬರೆದಿದ್ದೆ, ಲ್ಯಾಬ್‌ನವರು ಐಜಿಇ ಮಾಡಿ ಕಳಿಸಿದರು. ಆಂಟಿಬಾಡಿ ಅಂದರೆ ಸೋಂಕಿನಂಥವುಗಳ ವಿರುದ್ಧ ನಮ್ಮ ದೇಹ ಮಾಡುವ ಪ್ರೋಟೀನು, ಅದರಲ್ಲಿ ಐಜಿಇ, ಐಜಿಜಿ ಅಂತ ಬೇರೆ ಬೇರೆ ಬಗೆ. ಐಜಿಇ ಬೇಕಾಗುವುದು ಆಸ್ತಮಾ ಇರುವವರಲ್ಲಿ ಬರುವ ಅಲರ್ಜಿ ರೂಪಕ್ಕೆ. ಗೂಡಿನಲ್ಲಿ ಬಹಳ ಕಾಲ ಕೂತ ಸೋಂಕಿಗೆ ಬೇಕಾದ್ದು ಐಜಿಜಿ. ಗ್ಯಾಲಕ್ಟೋಮ್ಯಾನನ್ ಇನ್ನೂ ಬೇರೆ, ಅದು ಬೂಷ್ಟಿನದೇ ಅಂಶ ಹುಡುಕುವ ಟೆಸ್ಟು, ರಕ್ತದಲ್ಲಿ ಮಾಡಿದರೆ ಈ ಕಾಯಿಲೆ ಹೆಚ್ಚಾಗಿ ತಪ್ಪಿಹೋಗುತ್ತದೆ. ಒಂದು ವಾರ ದಂಡವಾಯಿತು. ಈಗ "ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಐಜಿಜಿ, ಅಂಕಿ ಬೇಕು" ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಎರಡನೇ ರಿಪೋರ್ಟ್ ಬಂತು: 34, ಪಕ್ಕದಲ್ಲಿ "ನೆಗೆಟಿವ್". ಮೊದಲಾಗಿದ್ದರೆ ಆ ಪದ ಓದಿ ಕಾಗದ ಮಡಚಿಡುತ್ತಿದ್ದೆ. ಆ ಲ್ಯಾಬ್ ಲೀಟರಿಗೆ 40 ಮಿಲಿಗ್ರಾಂ ಗಡಿ ಇಟ್ಟುಕೊಂಡಿತ್ತು. ಐಜಿಜಿ ಅಳೆಯುವ ಇಮ್ಯುನೋಕ್ಯಾಪ್ ಅನ್ನೋ ಯಂತ್ರದಲ್ಲಿ ಆ ಅಂಕಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಆದರೆ ಚಂಡೀಗಢದ ಪಿಜಿಐ ಆಸ್ಪತ್ರೆಯವರು ನಮ್ಮ ದೇಶದ ರೋಗಿಗಳನ್ನೇ ನೋಡಿ 2018ರಲ್ಲಿ ಸೂಚಿಸಿದ ಗಡಿ 27.3. ನಮ್ಮ ರೋಗಿಗಳಿಗೆ ನಾನು ಅದನ್ನೇ ನಂಬುತ್ತೇನೆ, ಆ ಲೆಕ್ಕದಲ್ಲಿ 34 ಪಾಸಿಟಿವ್. ಬೇರೆ ಕಂಪನಿಯ ಕಿಟ್ ಆದರೆ ಗಡಿಯೂ ಬೇರೆ, ಹಾಗಾಗಿ ಯಾವ ವಿಧಾನ ಅಂತ ಕೇಳದೆ ಅಂಕಿ ಓದಲೇಬಾರದು.

ಹಾಗಂತ ಅಂಕಿ ಏರಿದ್ದೇ ಕಾಯಿಲೆ ಅಂತಲೂ ಅಲ್ಲ. ಅಲರ್ಜಿ ರೂಪದವರಲ್ಲೂ ಐಜಿಜಿ ಏರುತ್ತದೆ. ಇನ್ನು ಫ್ಲೇವಸ್‌ನಂಥ ಬೇರೆ ಜಾತಿಯ ಬೂಷ್ಟಾಗಿದ್ದರೆ ಫ್ಯೂಮಿಗೇಟಸ್ ಟೆಸ್ಟು ಕಡಿಮೆ ತೋರಿಸಬಹುದು. ಮೂರು ತಿಂಗಳ ತೊಂದರೆ, ಸಿಟಿ, ಐಜಿಜಿ, ಟಿಬಿ ಇಲ್ಲ ಅನ್ನೋ ಖಾತ್ರಿ, ಇವು ನಾಲ್ಕೂ ಕೂಡಿದರೆ ಮಾತ್ರ ನಾನು ಹೆಸರು ಹೇಳುವುದು. ಇವರಲ್ಲಿ ನಾಲ್ಕೂ ಇದ್ದವು.

ಬೂಷ್ಟಿನ ಮದ್ದು ಇಟ್ರಕೋನಜೋಲ್ 200 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿದೆ. ಕ್ಯಾಪ್ಸೂಲ್ ಊಟದ ಜೊತೆಗೇ ತಗೋಬೇಕು, ಗ್ಯಾಸ್ ಮಾತ್ರೆ ಬೇಡ ಅಂತ ಹೆಂಡತಿಗೆ ಎರಡೆರಡು ಸಲ ಹೇಳಿದೆ. ಇದರ ಜೊತೆಗೆ ಟಿಬಿ ಮಾತ್ರೆಯನ್ನೂ ಸುಮ್ನೆ ಕೊಟ್ಟಿದ್ದರೆ ಇನ್ನೊಂದು ಅನಾಹುತವಾಗುತ್ತಿತ್ತು, ಅದರಲ್ಲಿರುವ ರಿಫಾಂಪಿಸಿನ್ ಇದ್ದರೆ ಇಟ್ರಕೋನಜೋಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ.

ಆರು ತಿಂಗಳಾದ ಮೇಲೆ ಆಯಮ್ಮ, "ಆ ರಕ್ತದ ಟೆಸ್ಟು ಮತ್ತೆ ಮಾಡ್ಸೋಣೇನ್ರಿ?" ಅಂತ ಕೇಳಿದರು. ಬೇಡ ಅಂದೆ. ಐಜಿಜಿ ಇಳಿಯುವುದು ಬಹಳ ನಿಧಾನ, ಗುಣವಾಗುತ್ತಿದೆಯೋ ಇಲ್ಲವೋ ಅಂತ ಅದರಿಂದ ಹೇಳುವುದು ಕಷ್ಟ, ದುಡ್ಡೂ ಖರ್ಚು. ಅದರ ಬದಲು ತಕ್ಕಡಿ ಹತ್ತಿಸಿದೆ. 46 ಇದ್ದವರು 51 ಕೆ.ಜಿ. ಆಗಿದ್ದರು, ಮೂರನೇ ತಿಂಗಳಿಂದ ಕಫದಲ್ಲಿ ರಕ್ತ ಇಲ್ಲ. ಆರು ತಿಂಗಳಿಗೇ ನಿಲ್ಲಿಸುವುದಕ್ಕಿಂತ ವರ್ಷ ಪೂರ್ತಿ ಕೊಟ್ಟರೆ ಮರುಕಳಿಸುವುದು ಕಡಿಮೆ ಅಂತ ಚಂಡೀಗಢದವರೇ ತೋರಿಸಿದ್ದಾರೆ. ಹಾಗಾಗಿ ಇನ್ನಾರು ತಿಂಗಳ ಮಾತ್ರೆ ಬರೆದುಕೊಟ್ಟೆ.