ಮೈ ಓಡಿದರೂ ನೋಟ ನಿಲ್ಲುವುದು ಹೇಗೆ? ನೀವೇ ನೋಡಿಕೊಳ್ಳಿ

ದಾದರ್ ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿಯುತ್ತಲೇ ಇಂಡಿಕೇಟರ್ ಓದುವುದು ಮುಂಬಯಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಗಾಡಿ ಫಾಸ್ಟೋ ಸ್ಲೋವೋ, ಥಾಣೆಯದೋ ಕಲ್ಯಾಣದ್ದೋ ಎಂಬುದೆಲ್ಲ ಪ್ಲಾಟ್‌ಫಾರ್ಮಿಗೆ ಕಾಲಿಡುವ ಮೊದಲೇ ಗೊತ್ತಾಗಿರುತ್ತದೆ. ಒಂದೊಂದು ಹೆಜ್ಜೆಗೂ ತಲೆ ಮೇಲೆ ಕೆಳಗೆ ಕುಕ್ಕುತ್ತಿರುತ್ತದೆ, ಅಕ್ಷರ ಮಾತ್ರ ಕುಣಿಯುವುದಿಲ್ಲ. ಅದೇ ಮೆಟ್ಟಿಲನ್ನು ಹಾಗೇ ಇಳಿಯುತ್ತಾ ಹಳೆಯ ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ, ಹತ್ತು ಸೆಕೆಂಡಿಗೇ ಸಾಕೆನಿಸುತ್ತದೆ.

ಕಣ್ಣಿನೊಳಗೆ ಬೆಳಕು ಹಿಡಿಯುವ ಕೋಶಗಳು ನಿಧಾನದವು. ಬಿಂಬ ಅವುಗಳ ಮೇಲೆ ಜಾರುತ್ತಿದ್ದರೆ ನೋಟ ಕಲಸಿಹೋಗುತ್ತದೆ. ಅದಕ್ಕೇ ಓಡುವ, ಹಾರುವ, ಈಜುವ ಬಹುತೇಕ ಪ್ರಾಣಿಗಳು ಒಂದೇ ಉಪಾಯ ಕಂಡುಕೊಂಡಿವೆ: ನೋಟವನ್ನು ಒಂದು ಕಡೆ ನಿಲ್ಲಿಸುವುದು, ಇನ್ನು ನಿಲ್ಲಿಸಲಾಗದು ಎಂದಾಗ ಪಟ್ಟನೆ ಮುಂದಕ್ಕೆ ಹಾರಿಸುವುದು, ಮತ್ತೆ ನಿಲ್ಲಿಸುವುದು. ಕಣ್ಣು ಅಷ್ಟೊಂದು ಓಡಾಡುವುದು ಹೊಸದನ್ನು ಹುಡುಕಲು ಎಂದುಕೊಂಡಿರುತ್ತೇವೆ. ಆದರೆ ಆ ಓಡಾಟದಲ್ಲಿ ದೊಡ್ಡ ಪಾಲು ನೋಟ ಕದಲದಂತೆ ಕಾಯುವುದಕ್ಕೇ ಹೋಗುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ. ಒಂದು ಪೇಪರ್, ಮೊಬೈಲ್, ಕನ್ನಡಿ, ಒಂದು ಸ್ಟಿಕ್ಕರ್ ಬಿಂದಿ ಮತ್ತು ಬಿಡುವಿನ ಭಾನುವಾರ ಇದ್ದರೆ ಸಾಕು.

ಮೊದಲು ಪೇಪರ್

ಪೇಪರನ್ನು ಒಂದು ಮೊಳ ದೂರದಲ್ಲಿ ಹಿಡಿದು, ಸೆಕೆಂಡಿಗೆ ಎರಡು ಮೂರು ಸಲದಂತೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಓದಲಾಗುವುದಿಲ್ಲ. ಈಗ ಪೇಪರನ್ನು ಗೋಡೆಗೆ ಅಂಟಿಸಿ, ಅಷ್ಟೇ ವೇಗದಲ್ಲಿ ‘ಬೇಡ ಬೇಡ’ ಎನ್ನುವಂತೆ ತಲೆ ಆಡಿಸಿ. ಸಣ್ಣಕ್ಷರವೂ ಓದಲು ಬರುತ್ತದೆ. ಕತ್ತುನೋವು, ಸ್ಪಾಂಡಿಲೈಟಿಸ್ ಇದ್ದವರು ಈ ಹಂತವನ್ನು ಬಿಟ್ಟುಬಿಡಿ.

ಎರಡರ ನಡುವಿನ ವ್ಯತ್ಯಾಸ ಇರುವುದು ಕಿವಿಯಲ್ಲಿ. ಒಳಕಿವಿಯಲ್ಲಿ ಮೂರು ದಿಕ್ಕಿಗೆ ಬಾಗಿದ ಮೂರು ಅರೆವೃತ್ತದ ನಾಳಗಳಿವೆ, ಒಳಗೆಲ್ಲ ದ್ರವ. ಕಟಿಂಗ್ ಚಹಾದ ಗ್ಲಾಸನ್ನು ತಟ್ಟನೆ ತಿರುಗಿಸಿದರೆ ಗ್ಲಾಸ್ ತಿರುಗುತ್ತದೆ, ಮೇಲಿನ ಕೆನೆ ಇದ್ದಲ್ಲೇ ಇರುತ್ತದಲ್ಲ, ಹಾಗೆಯೇ ತಲೆ ತಿರುಗಿದಾಗ ನಾಳದೊಳಗಿನ ದ್ರವ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ದ್ರವ ಅಲ್ಲಿರುವ ಲೋಳೆಯಂಥ ಪರದೆಯನ್ನು ತಳ್ಳುತ್ತದೆ. ಪರದೆಯೊಳಗೆ ನೆಟ್ಟ ಸೂಕ್ಷ್ಮ ರೋಮಗಳು ಬಾಗುತ್ತವೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುವಿನವರೆಗಿನ ಅತಿ ಹತ್ತಿರದ ದಾರಿಯಲ್ಲಿ ಸಿಗುವುದು ಮೂರೇ ನರಕೋಶ. ತಲೆ ಬಲಕ್ಕೆ ಹೊರಳಿದ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಣ್ಣು ಎಡಕ್ಕೆ ಹೊರಳುತ್ತದೆ. ವೈದ್ಯರು ಇದನ್ನು ವೆಸ್ಟಿಬ್ಯುಲೋ-ಆಕ್ಯುಲರ್ ರಿಫ್ಲೆಕ್ಸ್ ಎನ್ನುತ್ತಾರೆ. ಪೇಪರ್ ಅಲ್ಲಾಡಿದಾಗ ಕಿವಿಗೆ ಸುದ್ದಿಯೇ ಇಲ್ಲ. ಕಣ್ಣು ತಾನೇ ನೋಡಿ ಬೆನ್ನಟ್ಟಬೇಕು, ಅದಕ್ಕೆ ಹತ್ತು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಪೇಪರ್ ಈ ಕಡೆಗೆ ಬಂದಾಗಿರುತ್ತದೆ.

ಈ ಕಿವಿಯ ಕೆಲಸ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಹೆಸರು ಹಾಕದೆ ‘ಜೆ.ಸಿ.’ ಎಂದಷ್ಟೇ ಸಹಿ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅವರ ಸಮತೋಲದ ಅಂಗವನ್ನು ಹಾಳು ಮಾಡಿತ್ತು. ಹಾಸಿಗೆಯಲ್ಲಿ ಸುಮ್ಮನೆ ಕೂತು ಓದುವಾಗಲೂ ನಾಡಿ ಬಡಿದಷ್ಟು ಸಲ ಅಕ್ಷರ ಕುಪ್ಪಳಿಸುತ್ತಿತ್ತು. ಕೊನೆಗೆ ಮಂಚದ ತಲೆಗಡೆಯ ಎರಡು ಕಬ್ಬಿಣದ ಸರಳುಗಳ ನಡುವೆ ತಲೆ ಸಿಕ್ಕಿಸಿಕೊಂಡು ಓದುತ್ತಿದ್ದರು. ನಮ್ಮ ನಾಡಿಯೂ ತಲೆಯನ್ನು ಹಾಗೆಯೇ ಅಲ್ಲಾಡಿಸುತ್ತದೆ, ಕಿವಿ ಅದನ್ನು ಸರಿಮಾಡುವುದರಿಂದ ನಮಗೆ ತಿಳಿಯುವುದಿಲ್ಲ. ತಲೆ ಆಡಿಸುವ ಪರೀಕ್ಷೆಯಲ್ಲಿ ನಿಮಗೂ ಅಕ್ಷರ ಪ್ರತಿಸಲವೂ ಹಾರಿದರೆ ಕಿವಿ-ಮೂಗು-ಗಂಟಲು ತಜ್ಞರಿಗೊಮ್ಮೆ ತೋರಿಸಿ.

ಆಮೇಲೆ ಲೋಕಲ್ ಕಿಟಕಿ

ಕಿಟಕಿ ಪಕ್ಕ ಮನೆಯವರೊಬ್ಬರನ್ನು ಕೂರಿಸಿ, ಎದುರಿಗೆ ನೀವು ಕೂತು ಅವರ ಕಣ್ಣನ್ನೇ ನೋಡಿ. ಅಪರಿಚಿತರ ಕಣ್ಣು ಬೇಡ, ಏನಾಗುತ್ತದೆಂದು ಹೇಳಬೇಕಿಲ್ಲ. ಹೊರಗಿನ ಕಂಬದ ಜೊತೆ ಕಣ್ಣು ನಿಧಾನವಾಗಿ ಜಾರುತ್ತದೆ, ಪಟ್ಟನೆ ಹಿಂದಕ್ಕೆ ಹಾರುತ್ತದೆ, ಮತ್ತೆ ಜಾರುತ್ತದೆ. ಗಾಡಿ ಒಂದೇ ವೇಗದಲ್ಲಿ ಹೋಗುವಾಗ ಕಿವಿಗೆ ಏನೂ ಗೊತ್ತಾಗದ್ದರಿಂದ ಇಲ್ಲಿ ಕಣ್ಣೇ ಸ್ವತಃ ದುಡಿಯಬೇಕು. ‘ಮಾವ, ನಿಮ್ಮ ಕಣ್ಣು ಹಾರ್ತಾ ಉಂಟು’ ಎಂದು ಮಕ್ಕಳು ಹೇಳಿದರೆ ಮಾವ ಒಪ್ಪುವುದಿಲ್ಲ. ತಾನು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದೆ ಎಂದೇ ಅವರಿಗೆ ಅನಿಸಿರುತ್ತದೆ.

ಪಾರಿವಾಳಕ್ಕೊಂದು ಬಿಂದಿ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹಂತ. ಪಾರಿವಾಳ ಹುಡುಕಿಕೊಂಡು ಕಬೂತರ್‌ಖಾನೆಗೆ ಹೋಗಬೇಕಿಲ್ಲ, ಮುಂಬಯಿಯಲ್ಲಿ ಅದೇ ನಿಮ್ಮನ್ನು ಹುಡುಕಿಕೊಂಡು ಎಸಿ ಡಬ್ಬದ ಮೇಲೆ ಬಂದು ಕೂರುತ್ತದೆ. ಕಾಳು ಮಾತ್ರ ಹಾಕಬೇಡಿ, ಪಾಲಿಕೆಯ ದಂಡವೂ ಇದೆ, ಹಿಕ್ಕೆಯಿಂದ ಶ್ವಾಸಕೋಶಕ್ಕೆ ತೊಂದರೆಯೂ ಇದೆ.

ಮೊಬೈಲನ್ನು ಕೈಯಲ್ಲಿ ಹಿಡಿಯದೆ ಕಿಟಕಿಯ ಗ್ರಿಲ್‌ಗೆ ಒರಗಿಸಿಡಿ. ಪಾರಿವಾಳ ಅಡ್ಡಲಾಗಿ ನಡೆದುಹೋಗುವುದನ್ನು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ವಿಡಿಯೋ ನಿಲ್ಲಿಸಿ, ಪರದೆಯ ಮೇಲೆ ಕೊಕ್ಕಿನ ತುದಿ ಇರುವಲ್ಲಿ ಬಿಂದಿ ಅಂಟಿಸಿ. ಈಗ ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿ. ಕಾಲು ಮುಂದೆ ಬರುತ್ತದೆ, ಎದೆ ಮುಂದೆ ಬರುತ್ತದೆ, ಕೊಕ್ಕು ಬಿಂದಿಯ ಕೆಳಗೇ ಉಳಿದಿರುತ್ತದೆ. ಮೈ ತಲೆಯ ಅಡಿಗೆ ಬಂದು ಸೇರಿದ ಮೇಲೆ ತಲೆ ಒಮ್ಮೆಲೇ ಮುಂದಕ್ಕೆ ಚಿಮ್ಮಿ ಮತ್ತೆ ನಿಲ್ಲುತ್ತದೆ. ಬರಿಗಣ್ಣಿಗೆ ತಲೆ ಹಿಂದೆ ಮುಂದೆ ತೂಗುವಂತೆ ಕಾಣುತ್ತದಷ್ಟೆ, ಪಾರಿವಾಳ ತಲೆಯನ್ನು ಹಿಂದಕ್ಕೆ ಒಯ್ಯುವುದೇ ಇಲ್ಲ.

ಇದು ನಡಿಗೆಯ ಚಟವೋ ನೋಟದ ಅಗತ್ಯವೋ ಎಂದು ಕೇಳಬಹುದು. ಕೆನಡಾದ ಬ್ಯಾರಿ ಫ್ರಾಸ್ಟ್ 1978ರಲ್ಲಿ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಸುತ್ತಲಿನ ದೃಶ್ಯ ಇದ್ದಲ್ಲೇ ಇತ್ತು. ತಲೆಯ ಕುಕ್ಕಾಟ ನಿಂತುಹೋಯಿತು. ಪಕ್ಕಕ್ಕೆ ಕಣ್ಣಿರುವ ಹಕ್ಕಿಗೆ ನಡೆಯುವಾಗ ಜಗತ್ತೆಲ್ಲ ಕಣ್ಣಿನ ಮುಂದೆ ಹಿಂದಕ್ಕೆ ಓಡುತ್ತದೆ, ಕಣ್ಣುಗುಡ್ಡೆಯೋ ನಮ್ಮಷ್ಟು ಹೊರಳದು, ಹಾಗಾಗಿ ಆ ಕೆಲಸ ಕತ್ತಿನ ಪಾಲಿಗೆ ಬಂತು. ಎಲ್ಲ ಹಕ್ಕಿಗಳೂ ಹೀಗೆ ಮಾಡುವುದಿಲ್ಲ. ಚಳಿಗಾಲದಲ್ಲಿ ನಮ್ಮ ಕಡಲತೀರಕ್ಕೆ ಬರುವ ಗಲ್‌ಗಳು ಸಾಮಾನ್ಯವಾಗಿ ತಲೆ ಕುಕ್ಕದೆಯೇ ನಡೆಯುತ್ತವೆ. ಮೇ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಸಾಕಿದ ಕೋಳಿ ಇದ್ದರೆ, ಅದರ ಮೈಯನ್ನು ಎರಡೂ ಕೈಯಲ್ಲಿ ಮೆತ್ತಗೆ ಹಿಡಿದು ಆಚೀಚೆ ಸರಿಸಿ ನೋಡಿ. ಮೈ ಬಂದರೂ ತಲೆ ಬರುವುದಿಲ್ಲ.

ಸಿಕ್ಕಿದರೆ ಆಡು, ಏಡಿ, ನೊಣ

ಆಡಿನ ಕಣ್ಣಿನ ಪಾಪೆ ಅಡ್ಡಗೀಟಿನಂತಿರುತ್ತದೆ. ಅದು ಮೇಯಲು ತಲೆ ಬಗ್ಗಿಸಿದಾಗ ಗೀಟು ನೆಟ್ಟಗೆ ನಿಲ್ಲಬೇಕಿತ್ತು, ಆದರೂ ನೆಲಕ್ಕೆ ಸಮನಾಗಿಯೇ ಇರುತ್ತದೆ, ಏಕೆಂದರೆ ಕಣ್ಣುಗುಡ್ಡೆಯೇ 50 ಡಿಗ್ರಿಗೂ ಹೆಚ್ಚು ಹೊರಳುತ್ತದೆ. ಬರ್ಕ್ಲಿಯ ಮಾರ್ಟಿನ್ ಬ್ಯಾಂಕ್ಸ್ ಮತ್ತು ಜೊತೆಗಾರರು 2015ರಲ್ಲಿ ಇದನ್ನು ಪ್ರಕಟಿಸಿದರು. ಐರೋಲಿಯ ಕಾಂಡ್ಲಾ ಕೆಸರಿನಲ್ಲಿ ಇಳಿತದ ಹೊತ್ತಿಗೆ ಕಾಣುವ ಒಂಟಿ ದೊಡ್ಡ ಕೊಂಬಿನ ಪುಟ್ಟ ಏಡಿಗಳನ್ನು ಬೈನಾಕ್ಯುಲರ್‌ನಲ್ಲಿ ನೋಡಿ, ಮೈ ಓರೆಯಾದರೂ ಕಣ್ಣಿನ ಕಡ್ಡಿಗಳು ನೆಟ್ಟಗಿರುತ್ತವೆ. ನೊಣಕ್ಕೆ ಎರಡನೇ ಜೋಡಿ ರೆಕ್ಕೆಯ ಜಾಗದಲ್ಲಿ ಗುಂಡುತಲೆಯ ಎರಡು ಕಡ್ಡಿಗಳಿವೆ. ಹಾರುವಾಗ ಅವು ಬಡಿಯುತ್ತಾ ಮೈಯ ಹೊರಳಾಟವನ್ನು ಅಳೆಯುತ್ತವೆ, ಮೈ ಹೊರಳಿದರೆ ನೊಣ ತಲೆಯನ್ನು ಎದುರು ದಿಕ್ಕಿಗೆ ತಿರುಗಿಸಿಕೊಳ್ಳುತ್ತದೆ. ಅದರ ಕಣ್ಣು ತಲೆಗೇ ಬೆಸೆದಿರುವುದರಿಂದ ಬೇರೆ ದಾರಿಯೂ ಇಲ್ಲ.

ಕೊನೆಗೆ ಕನ್ನಡಿ

ನೋಟ ಹಾರುವ ಆ ಗಳಿಗೆಯಲ್ಲಿ ಏನು ಕಾಣುತ್ತದೆ? ಕನ್ನಡಿಗೆ ಹತ್ತಿರ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು, ಮತ್ತೆ ಎಡಗಣ್ಣನ್ನು. ಕಣ್ಣು ಸರಿದದ್ದು ಒಮ್ಮೆಯೂ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಹಾರುವಷ್ಟು ಹೊತ್ತು ಮಿದುಳು ಆ ಕಲಸಿದ ಚಿತ್ರವನ್ನು ಅದುಮಿಡುತ್ತದೆ. ಈಗ ಕನ್ನಡಿಯ ಬದಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಅದನ್ನೇ ಮಾಡಿ. ಪರದೆಯ ಚಿತ್ರ ಚೂರು ತಡವಾಗಿ ಬರುವುದರಿಂದ, ಹಾರಿ ಮುಗಿಸಿದ ಕಣ್ಣಿಗೆ ತಾನು ಹಾರಿದ್ದು ಕಾಣಸಿಗುತ್ತದೆ.