ತಲೆಗೆ ಪೆಟ್ಟು ಬಿದ್ದ ಹುಡುಗ ಮತ್ತೆ ಅಂಕಣಕ್ಕೆ ಇಳಿಯುವ ತನಕ

ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿರುವ ನನಗೆ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೆಂದರೆ ಮಳೆಗಾಲದ ಕೆಲಸವೇ ಆಗಿದೆ. ನೆಲ ಆರುವ ಮೊದಲೇ ಕಬಡ್ಡಿ ಅಂಕಣಕ್ಕೆ ಗೆರೆ ಹಾಕಬೇಕಾಗುತ್ತದೆ. ಜಾರುವ ಕೆಮ್ಮಣ್ಣಿನ ಮೇಲೆ ನಾಲ್ಕೈದು ಹುಡುಗರು ಒಟ್ಟಿಗೆ ರೈಡರನ ಮೇಲೆ ಬಿದ್ದಾಗ ಒಬ್ಬನ ಮೊಣಕಾಲು ಇನ್ನೊಬ್ಬನ ಹಣೆಗೆ ಬಡಿಯುವುದು ಅಪರೂಪವಲ್ಲ. ಇಂಥ ಪೆಟ್ಟಿನಿಂದಾಗುವ ಕಂಕಷನ್‌ನಲ್ಲಿ, ಅಂದರೆ ತಲೆ ಅಲುಗಿ ಮಿದುಳಿನ ಕೆಲಸ ಕೆಲಕಾಲ ಏರುಪೇರಾಗುವ ಸ್ಥಿತಿಯಲ್ಲಿ, ಪ್ರಜ್ಞೆ ತಪ್ಪುವುದು ಹತ್ತರಲ್ಲಿ ಒಬ್ಬರಿಗೂ ಇಲ್ಲ. ಆದ್ದರಿಂದ 'ಎದ್ದು ನಿಂತನಲ್ಲ ಸಾರ್, ಇನ್ನೇನು' ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಮಿದುಳು ಬುರುಡೆಯೊಳಗಿನ ದ್ರವದಲ್ಲಿ ತೇಲಿಕೊಂಡಿರುತ್ತದೆ. ತಲೆ ಗಕ್ಕನೆ ತಿರುಗಿದಾಗ ಅಥವಾ ನಿಂತಾಗ ನರಕೋಶಗಳ ಉದ್ದನೆಯ ಎಳೆಗಳು ಜಗ್ಗಿದಂತಾಗಿ, ಕೋಶದೊಳಗಿನ ಪೊಟ್ಯಾಸಿಯಂ ಹೊರಕ್ಕೂ ಹೊರಗಿನ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಈ ಏರುಪೇರನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಗ್ಲೂಕೋಸ್ ಬೇಕಾಗುವ ಹೊತ್ತಿನಲ್ಲೇ ಅದಕ್ಕೆ ಬರುವ ರಕ್ತದ ಹರಿವು ತಗ್ಗಿರುತ್ತದೆ. ತೊಂದರೆ ಇರುವುದು ಮಿದುಳಿನ ಕೆಲಸದಲ್ಲೇ ಹೊರತು ಕಣ್ಣಿಗೆ ಕಾಣುವ ಗಾಯದಲ್ಲಲ್ಲವಾದ್ದರಿಂದ ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಒಳಗೆ ರಕ್ತಸ್ರಾವವಾಗಿದೆಯೇ ಎಂದು ತಿಳಿಯಲು ಸ್ಕ್ಯಾನ್ ಬೇಕು. ಕಂಕಷನ್ ಆಗಿಲ್ಲವೆಂದು ಹೇಳಲು ಅದು ಸಾಲದು.

ಪೆಟ್ಟು ಬಿದ್ದೊಡನೆ ಹುಡುಗನನ್ನು ಹೊರಗೆ ಕೂರಿಸಿ, ಕುತ್ತಿಗೆ ನೋವಿದೆಯೇ ಎಂದು ಮೊದಲು ಕೇಳುತ್ತೇನೆ. ಆಮೇಲೆ ಇದು ಯಾವ ಮೈದಾನ, ಮೊದಲ ಅರ್ಧವೋ ಎರಡನೆಯದೋ, ಕೊನೆಯ ಅಂಕ ಯಾರದು, ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ದು ಎಂದು ಕೇಳುತ್ತೇನೆ. ಉತ್ತರ ತಪ್ಪಿದರೆ ಅನುಮಾನ ಗಟ್ಟಿಯಾಗುತ್ತದೆ. ಎಲ್ಲವೂ ಸರಿಯಿದ್ದರೂ, ತಲೆ ಭಾರ ಅನ್ನಿಸಿದರೆ ಅಥವಾ ಮಾತು ನಿಧಾನವಾದರೆ ಆ ದಿನ ಅವನಿಗೆ ಆಟವಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದು ಮಿದುಳು ಊದಿಕೊಳ್ಳುವುದು ಅಪರೂಪವಾದರೂ, ಹಾಗೆ ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು. ಈ ವಿಷಯದಲ್ಲಿ ಗೆಲ್ಲುವ ಪಂದ್ಯವೋ ಸೋಲುವ ಪಂದ್ಯವೋ ಎಂದು ನಾನು ನೋಡುವುದಿಲ್ಲ.

ನಮ್ಮ ಕಡೆ ಕಷ್ಟವಿರುವುದು ಸಂಜೆಯ ನಂತರ. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಮನೆ ಸೇರುವ ಮಕ್ಕಳೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತೀರ್ಥಹಳ್ಳಿ ಪೇಟೆಯಿಂದಲೇ ಸುಮಾರು 60 ಕಿ.ಮೀ. ದೂರವಿದೆ. ಹಾಗಾಗಿ ಅಂಥ ಹುಡುಗನನ್ನು ಒಬ್ಬನೇ ಬಸ್ಸಿಗೆ ಹತ್ತಿಸುವುದಿಲ್ಲ. ವೈದ್ಯರಿಗೆ ತೋರಿಸಿದ ಮೇಲೆ ಮನೆಯವರನ್ನು ಕರೆಸಿ, ರಾತ್ರಿ ನೋಡಿಕೊಳ್ಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ: ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಕೈಕಾಲಿನ ಬಲಹೀನತೆ, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಮಲಗಲು ಬಿಡಲೇಬಾರದೆಂಬ ನಂಬಿಕೆ ಅಜ್ಜಿಯರಲ್ಲಿ ಬಲವಾಗಿದೆ. ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೆ ನಿದ್ದೆಯಿಂದ ಕೆಡುಕಿಲ್ಲವೆಂದು ಅವರಿಗೆ ಬಿಡಿಸಿ ಹೇಳುತ್ತೇನೆ.

ಹಿಂದೆಲ್ಲ ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತದ ಪ್ರಕಾರ, ಮೊದಲ 24ರಿಂದ 48 ಗಂಟೆ ಮೊಬೈಲ್ ಕಡಿಮೆ ಮಾಡಿ ಹಗುರವಾಗಿದ್ದು, ಆಮೇಲೆ ನಡೆದಾಡುವುದೇ ಒಳ್ಳೆಯದು. ನಾನು ಮೊದಲು ತರಗತಿಯನ್ನು ನೋಡುತ್ತೇನೆ. ಗಣಿತದ ಪಾಠಕ್ಕೆ ಕೂತರೆ ತಲೆ ನೋಯುವ, ಓದಿದ ಸಾಲು ಮರೆಯುವ ಹುಡುಗನಿಗೆ ಅಂಕಣದ ಮಾತೇ ಇಲ್ಲ. ಪಾಠ ಪೂರ್ತಿ ಹಿಡಿಸಿದ ಮೇಲೆ ನಿಧಾನದ ಓಟ, ನಂತರ ಮೈ ತಾಗದ ಅಭ್ಯಾಸ, ವೈದ್ಯರ ಒಪ್ಪಿಗೆ, ಆಮೇಲೆಯೇ ಹಿಡಿತದ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ಹೆಚ್ಚಿನ ಮಕ್ಕಳು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ, ಆದರೆ ದೊಡ್ಡವರಿಗಿಂತ ತುಸು ನಿಧಾನವಾಗಿ. ಅಷ್ಟರಲ್ಲಿ ತಾಲ್ಲೂಕು ಪಂದ್ಯ ಮುಗಿದಿದ್ದರೆ ಮುಗಿಯಲಿ.

ಒಮ್ಮೆ ಕಂಕಷನ್ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಪೆಟ್ಟು ಬಿದ್ದ ದಿನಾಂಕ, ಲಕ್ಷಣಗಳು, ಆಟಕ್ಕೆ ಮರಳಿದ ದಿನ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಶಿವಮೊಗ್ಗದ ಕಾಲೇಜಿಗೆ ಸೇರುವಾಗ ಅದರ ಪ್ರತಿಯನ್ನು ಟಿ.ಸಿ.ಯ ಜೊತೆಗೇ ತಂದೆತಾಯಿಯ ಕೈಗೆ ಕೊಟ್ಟು, ಅಲ್ಲಿಯ ಕೋಚ್‌ಗೆ ತಪ್ಪದೆ ತೋರಿಸಲು ಹೇಳುತ್ತೇನೆ.